ಎಂಟರಲ್ಲಿ ನಿಂತ ಮುಳ್ಳು

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಹುಬ್ಬಳ್ಳಿಯಿಂದ ಫೋನ್ ಮಾಡಿ, ಮೊದಲು ಕಾಗುಣಿತದ ತಪ್ಪು ತೋರಿಸಿ, ಆಮೇಲೆ ಬೈಯುತ್ತಾರೆ. ಜೀವಮಾನವಿಡೀ ತಪ್ಪು ಹುಡುಕುವುದನ್ನೇ ಸಂಬಳದ ಕೆಲಸ ಮಾಡಿಕೊಂಡಿದ್ದ ಮನುಷ್ಯ. ಮಲೇಶಿಯಾದ ಪೆನಾಂಗ್ ದ್ವೀಪದ ಬಯಾನ್ ಲೆಪಾಸ್‌ನ ನಮ್ಮ ಚಿಪ್ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವುದು ಅವರ ಹುದ್ದೆ. ನಾವು ಚಿಪ್‌ಗಳನ್ನು ಅನುಮಾನಿಸುತ್ತಿದ್ದೆವು, ಅವರು ನಮ್ಮ ಉಪಕರಣಗಳನ್ನು ಅನುಮಾನಿಸುತ್ತಿದ್ದರು. ಕೋವಿಡ್ ಬಂದ ಮೇಲೆ ನಮ್ಮನ್ನೂ ಅನುಮಾನಿಸುವ ಅಧಿಕಾರವನ್ನು ಕಂಪನಿಯೇ ಅವರ ಕೈಗೆ ಕೊಟ್ಟಿತು.

ಅವರು ನಿವೃತ್ತರಾಗಿ ಊರಿಗೆ ಹೋಗಿ ಮೂರು ತಿಂಗಳಾಯಿತು. ಕಳೆದ ವಾರ ಅವರು ನೋಡಿಕೊಳ್ಳುತ್ತಿದ್ದ ವೆಲ್‌ನೆಸ್ ಫೈಲು ನನ್ನ ಪಾಲಿಗೆ ಬಂತು. ನಮ್ಮ ವಿಭಾಗದ ಹದಿನಾಲ್ಕು ಜನ ಎರಡು ವರ್ಷ ದಿನವೂ ತಮ್ಮ ಮನಸ್ಸಿಗೆ ಹತ್ತರಲ್ಲಿ ಎಷ್ಟು ಎಂದು ಅಂಕ ಕೊಟ್ಟುಕೊಂಡ ದೊಡ್ಡ ಎಕ್ಸೆಲ್ ಹಾಳೆ ಅದು. ಉಳಿದವರ ಸಾಲುಗಳನ್ನು ನಾನು ನೋಡಿಲ್ಲ ಎಂದು ಹೇಳಬೇಕು, ಹೇಳುತ್ತಿದ್ದೇನೆ. ಆದರೆ ಎಲ್ಲಕ್ಕಿಂತ ಮೇಲಿದ್ದ ಅವರ ಸ್ವಂತ ಸಾಲನ್ನು ನೋಡದೆ ಇರಲಾಗಲಿಲ್ಲ. ಎಂಟು, ಎಂಟು, ಎಂಟು, ಎಂಟು. ಮೌಸ್ ತಿರುಗಿಸಿ ತಿರುಗಿಸಿ ಬೆರಳು ನೋಯುವವರೆಗೂ ಎಂಟು.

ಮೊದಲು ನಕ್ಕೆ. ಕಳ್ಳ ಸಿಕ್ಕಿಬಿದ್ದ ಎಂಬ ಖುಷಿ. ಯಾಕೆಂದರೆ ದಿನಾ ಎಂಟು ಬರೆಯುವವನ ಗತಿ ಏನು ಎಂದು ನಮಗೆಲ್ಲ ಪಾಠ ಹೇಳಿದ್ದೇ ಈ ಪುಣ್ಯಾತ್ಮ. ನಗು ನಿಂತ ಮೇಲೆ ಆ ಸಾಲನ್ನು ಇನ್ನೊಮ್ಮೆ ಮೊದಲಿನಿಂದ ನೋಡಿದೆ. ಅವರು ಹೇಳಿಕೊಟ್ಟ ಲೆಕ್ಕದ ಪ್ರಕಾರವೇ ಇದು ಆರಾಮಾಗಿದ್ದ ಮನುಷ್ಯನ ಸಾಲಲ್ಲ. ಅದು ಯಾಕೆ ಎನ್ನುವುದಕ್ಕೆ ಅವರ ಕಥೆಯನ್ನೇ ಸ್ವಲ್ಪ ಹೇಳಬೇಕು.

ಅವರು ವೆಲ್‌ನೆಸ್ ಉಸ್ತುವಾರಿಯಾದದ್ದು ಸ್ವಂತ ಇಚ್ಛೆಯಿಂದಲ್ಲ. ಮೊದಲ ಲಾಕ್‌ಡೌನಿನ ಮೂರನೇ ವಾರ. ಎಚ್.ಆರ್. ಮೇಡಂ ವಿಡಿಯೊ ಮೀಟಿಂಗ್ ಕರೆದು, ಎಲ್ಲರ ಮನಸ್ಸಿನ ಆರೋಗ್ಯ ನೋಡಿಕೊಳ್ಳಲು ಪ್ರತಿ ವಿಭಾಗದಿಂದ ಒಬ್ಬರು ಮುಂದೆ ಬನ್ನಿ ಎಂದರು. ನಮ್ಮ ವಿಭಾಗದ ಹದಿಮೂರು ಜನ ಮ್ಯೂಟ್ ಒತ್ತಿ ವಿಗ್ರಹಗಳಾದೆವು. ಇವರೊಬ್ಬರು ಮ್ಯೂಟ್ ಮಾಡುವುದನ್ನು ಮರೆತು, ಅಡುಗೆಮನೆಯತ್ತ ತಿರುಗಿ ಹಾಲು ಉಕ್ಕುತ್ತಿದೆ ಎಂದು ಕೂಗಿದರು. ಅವರ ಚೌಕ ತೆರೆಯ ಮೇಲೆ ಹಳದಿಯಾಗಿ ಬೆಳಗಿತು. ಥ್ಯಾಂಕ್ಯೂ ಸರ್, ಸೆಟಲ್ ಲಾ, ಎಂದು ಮೇಡಂ ಇಲ್ಲಿಯವರ ಬಾಲದ 'ಲಾ' ಸೇರಿಸಿ ಮುಗಿಸಿಯೇಬಿಟ್ಟರು. ಹಾಲೂ ಉಕ್ಕಿತು, ಹುದ್ದೆಯೂ ಬಂತು.

ನಮ್ಮ ವಿಭಾಗದಲ್ಲಿ ಅವರಷ್ಟು ಸಿಡುಕಿನ ಮನುಷ್ಯ ಇನ್ನೊಬ್ಬರಿರಲಿಲ್ಲ. ಅವರಿಗೇ ಎಲ್ಲರ ನೆಮ್ಮದಿಯ ಜವಾಬ್ದಾರಿ ಎಂದಾಗ ನಾವು ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ನಕ್ಕೆವು. ಅವರಿಲ್ಲದ ಗುಂಪು ಅದು. ಅದಕ್ಕಾಗಿಯೇ ಬೇರೆ ಮಾಡಿದ್ದೆವು.

ಕಂಪನಿ ಒಂದು ಪಟ್ಟಿ ಕಳಿಸಿತು. ಮನಸ್ಸು ಹಗುರಾಗಲು ದಿನವೂ ಮಾಡಬೇಕಾದ ಹನ್ನೆರಡು ಅಭ್ಯಾಸಗಳು. ಮೇಲೆ ಸಮುದ್ರದ ದಂಡೆಯಲ್ಲಿ ಕಣ್ಣು ಮುಚ್ಚಿ ಕೂತ ಹೆಂಗಸಿನ ಚಿತ್ರ. ಪೆನಾಂಗಿನಲ್ಲಿ ಆಗ ಸಮುದ್ರದ ದಂಡೆಗೆ ಕಾಲಿಟ್ಟರೆ ಪೊಲೀಸರು ಹಿಡಿಯುತ್ತಿದ್ದರು. ಪರಿಮಳದ ಮೇಣದಬತ್ತಿ ಹಚ್ಚಿ, ಟಬ್ಬಿನ ಬಿಸಿನೀರಿಗೆ ಉಪ್ಪು ಹಾಕಿ ಮಲಗಿ, ಎಂದೆಲ್ಲ ಇತ್ತು. ಅವರು ಅದನ್ನು ಪ್ರಿಂಟ್ ತೆಗೆದು, ಕೆಂಪು ಪೆನ್ನಿನಲ್ಲಿ ಎಂಟು ಅಭ್ಯಾಸಗಳ ಮೇಲೆ ಗೀಟು ಹಾಕಿ, ಫೋಟೊ ತೆಗೆದು ನಮಗೆಲ್ಲ ಕಳಿಸಿದರು. ಟಬ್ಬಿನ ಸಾಲಿನ ಪಕ್ಕದಲ್ಲಿ 'ಉಪ್ಪಿನಕಾಯಿ' ಎಂದಷ್ಟೇ ಬರೆದಿದ್ದರು.

ಅವರು ಉಳಿಸಿಕೊಂಡವೆಲ್ಲ ಕಣ್ಣಿಗೆ ಕಾಣುವಂಥವು, ಪರೀಕ್ಷೆ ಮಾಡಲು ಬರುವಂಥವು. ಬೆಳಿಗ್ಗೆ ಎಂಟೂ ಕಾಲರೊಳಗೆ ಸ್ನಾನ. ಮನೆಯಲ್ಲೇ ಕೆಲಸವಾದರೂ ಪ್ಯಾಂಟು, ಬೆಲ್ಟು. ಚಡ್ಡಿ ಹಾಕಿಕೊಂಡು ಮೀಟಿಂಗಿಗೆ ಕೂತರೆ ಮನಸ್ಸೂ ಚಡ್ಡಿ ಹಾಕಿಕೊಂಡೇ ಕೂರುತ್ತದೆ ಎಂಬುದು ಅವರ ವಾದ. ಊಟ ಕೂತು ಮಾಡಬೇಕು, ತಟ್ಟೆಯಲ್ಲಿ ಮಾಡಬೇಕು, ಪಾತ್ರೆಯಿಂದ ನೇರವಾಗಿ ಚಮಚದಲ್ಲಿ ತಿನ್ನಬಾರದು. ಮಧ್ಯಾಹ್ನ ಹತ್ತು ನಿಮಿಷ ಫೋನಿಲ್ಲದೆ ಸುಮ್ಮನೆ ಕೂರಬೇಕು.

ಈ ಕೊನೆಯದನ್ನು ಅವರು ಉಳಿಸಿಕೊಂಡದ್ದು ತಮ್ಮ ತಮ್ಮನ ಮಾತು ನಂಬಿ. ತಮ್ಮನಿಗೆ ಹುಬ್ಬಳ್ಳಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಪ್ರತಿ ಭಾನುವಾರ ಅಣ್ಣನಿಗೆ ಫೋನ್ ಮಾಡುತ್ತಿದ್ದ. ಸೋಮವಾರ ಆ ಫೋನಿನ ಸಾರಾಂಶ ನಮಗೆ ಉಚಿತವಾಗಿ ಸಿಗುತ್ತಿತ್ತು. ಕಾದ ಮೋಟಾರಿಗೆ ಎಣ್ಣೆ ಬಿಡಲು ಹೋಗಬೇಡಿ, ಬಂದ್ ಮಾಡಿ ಸುಮ್ಮನೆ ಬಿಡಿ, ತಾನೇ ಆರುತ್ತದೆ ಎಂದು ಆ ತಮ್ಮ ಗಿರಾಕಿಗಳಿಗೆ ಹೇಳುತ್ತಿದ್ದನಂತೆ. ನಮ್ಮ ಹತ್ತು ನಿಮಿಷಕ್ಕೆ ಇವರು 'ಮೋಟಾರ್ ಬಂದ್' ಎಂದೇ ಹೆಸರಿಟ್ಟರು. ಮಲಯ್ ಸಹೋದ್ಯೋಗಿಗಳೂ ಅದೇ ಹೆಸರು ಹೇಳುವಂತಾಯಿತು.

ಸ್ನಾನಕ್ಕೆ ಪುರಾವೆಯಾಗಿ ಒದ್ದೆ ಟವೆಲ್ಲಿನ ಫೋಟೊ ಕಳಿಸಬೇಕಿತ್ತು. ನಾನು ಮೂರನೇ ದಿನವೇ ಹಳೆಯ ಫೋಟೊ ಕಳಿಸಿದೆ. ಐದು ನಿಮಿಷದಲ್ಲಿ ಫೋನ್ ಬಂತು. ಟವೆಲ್ಲಿನ ಮೇಲೆ ಕಿಟಕಿಯ ಸರಳಿನ ನೆರಳು ಬಿದ್ದಿದೆ, ಇವತ್ತು ಪೆನಾಂಗಿನಲ್ಲಿ ಬಿಸಿಲೇ ಇಲ್ಲವಲ್ಲ ಎಂದರು. ಮರುದಿನ ಜಾಣನಾದೆ. ಸ್ನಾನ ಮಾಡದೆ ಬರೀ ಟವೆಲ್ ನೆನೆಸಿ ಫೋಟೊ ತೆಗೆದೆ. ಅದನ್ನು ಹೇಗೆ ಕಂಡುಹಿಡಿದರೋ, ಇವತ್ತಿಗೂ ತಿಳಿಯದು.

"ಅಲ್ರೀ ಮೈಸೂರವರ, ಟವೆಲ್ ನೆನಸಾಕ ಬಚ್ಚಲಿಗೆ ಹೋಗೇ ಬಿಟ್ಟೀರಿ. ಇನ್ನ ಎರಡು ಚೊಂಬು ಮೈಮ್ಯಾಲೆ ಹಾಕ್ಕೊಳ್ಳಾಕ ಏನು ತ್ರಾಸಿತ್ರಿ?"

ತ್ರಾಸು ಇತ್ತು, ಆದರೆ ಹೇಳುವಂಥದ್ದಲ್ಲ. ನನ್ನ ಹೆಂಡತಿ ಬಾಣಂತನಕ್ಕೆಂದು ಮೈಸೂರಿಗೆ ಹೋದ ಮೇಲೆ ಗಡಿ ಮುಚ್ಚಿತು. ನಾನು ಹೋದರೆ ತಿರುಗಿ ಬರಲು ಅನುಮತಿ ಸಿಗುವ ಖಾತ್ರಿ ಇಲ್ಲ, ಬರದಿದ್ದರೆ ಕೆಲಸ ಇಲ್ಲ. ಮಗಳು ಹುಟ್ಟಿದಳು. ಅವಳನ್ನು ನಾನು ಫೋನಿನಲ್ಲಿ ನೋಡಿದೆ. ಹದಿನಾಲ್ಕನೇ ಮಹಡಿಯ ಮನೆಯಲ್ಲಿ ಒಬ್ಬನೇ, ಸಿಂಕಿನ ಮುಂದೆ ನಿಂತು ನೂಡಲ್ಸ್ ತಿಂದು, ಅದೇ ಬನಿಯನ್ನಿನಲ್ಲಿ ಮಲಗಿ, ಅದೇ ಬನಿಯನ್ನಿನಲ್ಲಿ ಏಳುತ್ತಿದ್ದೆ. ಮೈಮೇಲೆ ನೀರು ಹಾಕಿಕೊಳ್ಳುವುದು ಯಾರಿಗಾಗಿ ಎಂಬ ಪ್ರಶ್ನೆ ದಿನಾ ಬಚ್ಚಲ ಬಾಗಿಲಲ್ಲೇ ಏಳುತ್ತಿತ್ತು. ಆದರೆ ಫಾರ್ಮಿನಲ್ಲಿ ದಿನವೂ ಎಂಟು ಬರೆಯುತ್ತಿದ್ದೆ.

ಎಂಟು ಬರೆಯುವುದು ನಮ್ಮವರ ಒಟ್ಟು ಜಾಣತನ. ಹತ್ತು ಬರೆದರೆ ಸೊಕ್ಕು. ಒಂಬತ್ತು ಬರೆದರೆ ನಿಮ್ಮ ಗುಟ್ಟೇನು ಎಂದು ಕಂಪನಿಯ ಪತ್ರಿಕೆಗೆ ಬರೆಯಲು ಹೇಳುತ್ತಾರೆ. ಏಳಕ್ಕಿಳಿದರೆ ಎಚ್.ಆರ್. ಫೋನ್ ಮಾಡಿ ಮೆಲುದನಿಯಲ್ಲಿ ಮಾತಾಡುತ್ತಾರೆ. ಎಂಟು ಬರೆದವನನ್ನು ಲೋಕ ಅವನ ಪಾಡಿಗೆ ಬಿಡುತ್ತದೆ. ಮಂಗಳೂರಿನ ಕ್ಯಾಥೊಲಿಕ್ ಬಾಯಮ್ಮ ಒಬ್ಬರು ನಮ್ಮ ವಿಭಾಗದಲ್ಲಿದ್ದರು. ಪಾದ್ರಿಗಳಿಗೇ ಹೇಳದ್ದನ್ನು ಎಕ್ಸೆಲ್ಲಿಗೆ ಹೇಳುವುದುಂಟಾ ಮಾರಾಯ್ರೆ, ಎಂದು ಅವರೂ ಎಂಟನ್ನೇ ಬರೆದರು.

ಆರನೇ ವಾರ ಅವರು ಮೀಟಿಂಗ್ ಕರೆದರು. ತೆರೆಯ ಮೇಲೆ ನಮ್ಮ ಹೆಸರು ತೆಗೆದು ಬರೀ ಅಂಕಗಳನ್ನು ತೋರಿಸಿದರು. ಹಾಸಿಗೆಯ ಹಾಗೆ ಮಟ್ಟಸವಾಗಿತ್ತು. ಆಮೇಲೆ ಕಾರ್ಖಾನೆಯ ಮೊದಲ ಪಾಠವನ್ನು ಹೊಸಬರಿಗೆ ಹೇಳುವಂತೆ ಹೇಳಿದರು. ಒಂದು ವಸ್ತುವನ್ನು ನಲವತ್ತು ಸಲ ಅಳೆದಾಗ ನಲವತ್ತೂ ಸಲ ಕೂದಲೆಳೆಯ ವ್ಯತ್ಯಾಸವಿಲ್ಲದೆ ಅದೇ ಅಂಕಿ ಬಂದರೆ, ವಸ್ತು ಚೆನ್ನಾಗಿದೆ ಎಂದು ಅರ್ಥವಲ್ಲ. ಅಳೆಯುವ ಮುಳ್ಳು ಸಿಕ್ಕಿಕೊಂಡಿದೆ ಎಂದು ಅರ್ಥ. ಬದುಕಿರುವ ಯಾವುದೂ ಅಷ್ಟು ಮಟ್ಟಸವಾಗಿ ಇರುವುದಿಲ್ಲ.

"ನಿಮ್ಮ ಮುಳ್ಳು ಎಂಟರಾಗ ಸಿಕ್ಕೊಂಡಾವ್ರಿ. ಇದೇನು ಹೊಸಾ ರೋಗಲ್ಲ. ನಮ್ಮ ಊರಾಗ ಹೆಣಾ ಹೊತ್ತುಕೊಂಡು ಹೊಂಟವಗ ಎದುರಿಗೆ ಬಂದವ ಆರಾಮೇನ್ರಿ ಅಂತಾನ, ಹೊತ್ತವನೂ ಆರಾಮರಿ ಅಂತಾನ. ಆರಾಮ ಅನ್ನೋದು ನಂಬರ್ ಅಲ್ರಿ. ಖರೇ ನಂಬರ್ ಕೊಡ್ರಿ."

ನಾನು ಖರೇ ನಂಬರ್ ಕೊಡಲಿಲ್ಲ. ಮುಳ್ಳು ಅಲ್ಲಾಡಿದರೆ ಸಾಕಲ್ಲ ಎಂದುಕೊಂಡು ಏಳು, ಎಂಟು, ಒಂಬತ್ತು, ಎಂಟು, ಏಳು ಎಂದು ಒಂದು ವಾರದ ಅಂಕಗಳನ್ನು ಒಮ್ಮೆಗೇ ಬರೆದಿಟ್ಟುಕೊಂಡೆ. ಶುಕ್ರವಾರ ಫೋನ್. ನಿಮ್ಮ ಮನಸ್ಸು ಜೋಕಾಲಿ ಆಡುತ್ತಿದೆ, ಒಂದು ಸಲವೂ ತಪ್ಪದೆ, ಇಷ್ಟು ತಾಳಬದ್ಧವಾಗಿ ಭರತನಾಟ್ಯವೂ ಇರುವುದಿಲ್ಲ ಎಂದರು. ನನಗೆ ಸಿಟ್ಟು ಬಂತು. ಇವರಿಗೇನು, ಹೆಂಡತಿ ಜೊತೆಗಿದ್ದಾರೆ, ಬಿಸಿ ಬಿಸಿ ಊಟ ಇದೆ ಎಂದುಕೊಂಡು ಆ ದಿನದ ಖಾನೆಯಲ್ಲಿ ಏಳು ಅಳಿಸಿ ಮೂರು ಬರೆದೆ. ಬರೆದು, ಬೇಕಾದರೆ ಏನಾದರೂ ಮಾಡಿಕೊಳ್ಳಲಿ ಎಂದು ಕಾದು ಕೂತೆ.

ಅವರು ಫೋನ್ ಮಾಡಲಿಲ್ಲ. ಒಂದು ಮೆಸೇಜ್ ಬಂತು. 'ಮುಳ್ಳು ಸಡಿಲಾತು. ಅಭಿನಂದನೆಗಳು. ಆರು ಗಂಟೆಗೆ ಮೆಟ್ಟಿಲು.'

ಮೆಟ್ಟಿಲು ಎಂದರೆ, ನಮ್ಮ ಕಾಂಡೊ ಅಪಾರ್ಟ್ಮೆಂಟಿನ ಬೇರೆ ಬೇರೆ ಬ್ಲಾಕುಗಳಲ್ಲಿ ನಾವಿಬ್ಬರೂ ಫೋನ್ ಕಿವಿಗಿಟ್ಟುಕೊಂಡು ಮೆಟ್ಟಿಲು ಇಳಿದು ಹತ್ತುವುದು. ಹೊರಗೆ ನಡೆದಾಡುವಂತಿರಲಿಲ್ಲ, ಮೆಟ್ಟಿಲನ್ನು ಯಾರೂ ನಿಷೇಧಿಸಿರಲಿಲ್ಲ. ಮಾತು ಎಂದರೆ ಏದುಸಿರು. ಎಂಟನೇ ಮಹಡಿಯ ಹತ್ತಿರ ಅವರ ಮೊಣಕಾಲು ನೋಯಲು ಶುರುವಾಗುತ್ತಿತ್ತು, ಆಗ ಅವರು ಕಂಪನಿಯನ್ನು ಬೈಯುತ್ತಿದ್ದರು. ನಾನು ಅಳುವುದಕ್ಕೂ ಆ ಮೆಟ್ಟಿಲು ಅನುಕೂಲವಾಗಿತ್ತು. ಏದುಸಿರಿನಲ್ಲಿ ಅಳು ಬೇರೆಯಾಗಿ ಕೇಳಿಸುವುದಿಲ್ಲ. ಅವರಿಗೆ ಕೇಳಿಸಿರಬಹುದು. ಕೇಳಿಸಿದಾಗಲೆಲ್ಲ ಕಂಪನಿಯನ್ನು ಇನ್ನಷ್ಟು ಜೋರಾಗಿ ಬೈಯುತ್ತಿದ್ದರು ಎಂದು ಈಗ ಅನ್ನಿಸುತ್ತದೆ.

ಆಮೇಲೆ ನಾನು ನಿಜವೇ ಬರೆದೆ. ಮೂರು, ಐದು, ನಾಲ್ಕು, ಮಗಳು ಮಗುಚಿಕೊಂಡ ದಿನ ಒಂಬತ್ತು, ಅದನ್ನು ನಾನು ನೋಡಲಾಗಲಿಲ್ಲವಲ್ಲ ಎಂದು ಸಂಜೆ ತಿದ್ದಿ ಐದು. ಒಂದೊಂದು ದಿನಕ್ಕೆ ಸರಿಯಾದ ಅಂಕವೇ ಸಿಗುತ್ತಿರಲಿಲ್ಲ. ನಾಲ್ಕು ಕಡಿಮೆ, ಐದು ಹೆಚ್ಚು. ಅವರು ಎಚ್.ಆರ್. ಮೇಡಮ್ಮಿಗೆ ಬರೆದು, ಫಾರ್ಮಿನಲ್ಲಿ ಅರ್ಧ ಅಂಕಕ್ಕೂ ಅವಕಾಶ ಕೊಡಿ ಎಂದು ಜಗಳ ತೆಗೆದರು. ಕೆನಾಟ್ ಲಾ ಸರ್, ಸಿಸ್ಟಮ್ಮಿನಲ್ಲಿ ಪೂರ್ತಿ ಅಂಕ ಮಾತ್ರ, ಎಂಬ ಉತ್ತರ ಬಂತು. ಅರ್ಧ ಗೊತ್ತಿಲ್ಲದವರು ಮನಸ್ಸು ಅಳೆಯಲು ಹೊರಟಿದ್ದಾರೆ ಎಂದು ಅವರು ನಾಲ್ಕು ದಿನ ಗೊಣಗಿದರು.

ಅವರ ಹೆಂಡತಿಯನ್ನು ನಾವೆಲ್ಲ ಅವರ ಕಡೆಯ ಮಾತಿನಲ್ಲಿ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ಜೋಳದ ಹಿಟ್ಟು ಸಿಗದೆ ಹೋದ ತಿಂಗಳುಗಳಲ್ಲಿ ವೈನಿ ಗೋಧಿಯಲ್ಲೇ ರೊಟ್ಟಿಯ ರುಚಿ ತರಲು ಹೋಗಿ, ಗಂಡನಿಂದ ಗುಣಮಟ್ಟದ ವರದಿ ಪಡೆದು, ಒಮ್ಮೆ ಲಟ್ಟಣಿಗೆ ಅವರ ಕೈಗೆ ಕೊಟ್ಟು ಟಿವಿ ಮುಂದೆ ಕೂತರಂತೆ. ಆ ದಿನವೂ ಅವರು ನಮಗೆ ಅಭ್ಯಾಸಗಳ ಬಗ್ಗೆ ಉಪದೇಶ ಕೊಡುವುದನ್ನು ಬಿಡಲಿಲ್ಲ. ಹಿಟ್ಟು ನಾದುವುದು ಮನಸ್ಸಿಗೆ ಒಳ್ಳೆಯದು ಎಂದು ಹೊಸ ಸಾಲು ಸೇರಿತು.

ಎರಡನೇ ವರ್ಷ, ಊರಿನ ಕಡೆ ದಿನಾ ಯಾರದಾದರೂ ಸುದ್ದಿ ಬರುತ್ತಿದ್ದ ಕಾಲ. ಇಲ್ಲಿನ ರಂಜಾನ್, ಹರಿ ರಾಯ ಹಬ್ಬದ ಹಿಂದಿನ ದಿನ. ಮತ್ತೆ ಎಲ್ಲ ಬಂದ್ ಆಗಿತ್ತು. ಬೆಳಿಗ್ಗೆ ಮೈಸೂರಿನಿಂದ ಫೋನ್ ಬಂತು. ಹೆಂಡತಿಗೂ ಮಗಳಿಗೂ ಪಾಸಿಟಿವ್, ಮಗಳಿಗೆ ಜ್ವರ ನೂರಾಮೂರು. ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದರಂತೆ. ನಾನು ಆ ದಿನ ಟವೆಲ್ಲೂ ನೆನೆಸಲಿಲ್ಲ, ಪ್ಯಾಂಟೂ ಹಾಕಲಿಲ್ಲ. ಫೋನ್ ಹಿಡಿದುಕೊಂಡು ನೆಲದ ಮೇಲೆ ಕೂತೇ ಇದ್ದೆ. ಸಂಜೆ ಐದಕ್ಕೆ ಫಾರ್ಮ್ ನೆನಪಾಗಿ ಒಂದು ಎಂದು ಬರೆದೆ. ಅದಕ್ಕಿಂತ ಕೆಳಗೆ ಅವಕಾಶವಿರಲಿಲ್ಲ.

ಅರ್ಧ ಗಂಟೆಯಲ್ಲಿ ಬಾಗಿಲ ಗಂಟೆ ಸದ್ದಾಯಿತು, ನೋಡಿದರೆ ಅವರು. ತಲೆಗೆ ಡೆಲಿವರಿ ಹುಡುಗರ ಹಸಿರು ಟೊಪ್ಪಿ, ಕೈಯಲ್ಲಿ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿದ ಪೊಟ್ಟಣಗಳು, ಮುಖಕ್ಕೆ ಎರಡು ಮಾಸ್ಕು. ಒಬ್ಬರ ಮನೆಗೆ ಒಬ್ಬರು ಹೋಗುವಂತಿರಲಿಲ್ಲ. ಮೂರು ವರ್ಷದಿಂದ ತಮ್ಮನ್ನು ನೋಡುತ್ತಿದ್ದ ಗಾರ್ಡಿಗೆ, ತಾನು ಊಟ ತಲುಪಿಸುವ ಡೆಲಿವರಿಯವನು ಎಂದು ಹೇಳಿ ಮೇಲೆ ಬಂದಿದ್ದರು. ಗಾರ್ಡು ಸೆಲ್ಯೂಟ್ ಹೊಡೆದನಂತೆ.

ಒಳಗೆ ಬರಲಿಲ್ಲ. ಮೆಟ್ಟಿಲ ಹತ್ತಿರ ಬಿದ್ದಿದ್ದ ಪೇಂಟ್ ಡಬ್ಬಿ ಬೋರಲು ಹಾಕಿ, ನನ್ನ ಬಾಗಿಲಿನಿಂದ ಎಂಟು ಟೈಲ್ಸ್ ಎಣಿಸಿ ದೂರದಲ್ಲಿ ಕೂತರು. ಮೊದಲು ಸ್ನಾನ ಮಾಡಿ ಬನ್ನಿ, ನಾನು ಇಲ್ಲೇ ಇದ್ದೇನೆ ಎಂದರು. ಮಾಡಿ ಬಂದೆ. ತಟ್ಟೆ ತನ್ನಿ ಎಂದರು. ತಂದೆ. ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ರೋಟಿ ಚನಾಯ್, ಸಿಟ್ಟು ಮಾಡಿಕೊಂಡ ಪರೋಟ ಎಂದು ಅವರು ಸದಾ ಹಂಗಿಸುತ್ತಿದ್ದದ್ದು. ನಾನು ಹೊಸ್ತಿಲೊಳಗೆ, ಅವರು ಡಬ್ಬಿಯ ಮೇಲೆ. ಮಗಳ ಜ್ವರದ ಸುದ್ದಿ ಹೇಳಿದೆ, ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ತಮ್ಮನ ಕಥೆ ಶುರು ಮಾಡಿದರು.

ಹೆಚ್ಚುಕಡಿಮೆ ಎರಡು ಗಂಟೆ ಬರೀ ತಮ್ಮನ ಕಥೆ. ಹನ್ನೆರಡನೇ ವಯಸ್ಸಿನಲ್ಲಿ ಆ ಹುಡುಗ ಪಕ್ಕದ ಮನೆಯವರ ಫ್ಯಾನು ಬಿಚ್ಚಿ ತಂತಿ ಸುತ್ತಿ, ತಿರುಗಾಮುರುಗಾ ಜೋಡಿಸಿದನಂತೆ. ಆ ಮನೆಯಲ್ಲಿ ಮದುವೆ, ಬೀಗರ ಪಂಕ್ತಿ ಕೂತಿದೆ, ಸ್ವಿಚ್ ಒತ್ತಿದರೆ ಫ್ಯಾನಿನ ಗಾಳಿ ಮೇಲಕ್ಕೆ ಹೋಗಿ, ಮಾಳಿಗೆಯ ಹತ್ತು ವರ್ಷದ ಧೂಳು ಬೀಗರ ಹೋಳಿಗೆಯ ಮೇಲೆ ಇಳಿಯಿತು. ಬೈಯಲು ಬಂದವರಿಗೆ ಹುಡುಗ ಹೇಳಿದ್ದು, ಫ್ಯಾನು ತಿರುಗುತ್ತದೋ ಇಲ್ಲವೋ ಅಷ್ಟು ಹೇಳಿ, ಗಾಳಿ ಎತ್ತ ಹೋಗುತ್ತದೆ ಎನ್ನುವುದು ಗಾಳಿಗೆ ಬಿಟ್ಟದ್ದು ಎಂದು. ಅವನು ಸೈಕಲ್ಲಿನ ಹಿಂದೆ ಅಣ್ಣನನ್ನು ಕೂರಿಸಿಕೊಂಡು ಹೊಂಡಕ್ಕೆ ಇಳಿದದ್ದು, ಅಣ್ಣನ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಊರಿಗೆಲ್ಲ ಸುಳ್ಳೇ ಪ್ರಥಮ ದರ್ಜೆ ಎಂದು ಹಂಚಿಬಂದದ್ದು, ಒಂದಾದ ಮೇಲೊಂದು. ನಾನು ನಕ್ಕೆ. ಆ ದಿನ, ಮಗಳು ಜ್ವರದಲ್ಲಿ ಮಲಗಿರುವಾಗ, ನಾನು ಹೊಟ್ಟೆ ಹಿಡಿದು ನಕ್ಕೆ. ಅವರೂ ನಕ್ಕರು, ಕಣ್ಣೊರೆಸಿಕೊಂಡರು, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನಿಮ್ಮ ತಮ್ಮ ಈಗಲೂ ಹಾಗೇನಾ ಸರ್ ಎಂದು ಕೇಳಿದೆ. ಪರೋಟ ಆರಿಹೋಗುತ್ತದೆ, ತಿನ್ನಿ ಎಂದರು.

ಏಳೂವರೆಗೆ ಮೈಸೂರಿನಿಂದ ಜ್ವರ ಇಳಿಯುತ್ತಿದೆ ಎಂದು ಮೆಸೇಜ್ ಬಂತು. ಅವರು ಎದ್ದು, ಡಬ್ಬಿಯನ್ನು ಇದ್ದ ಜಾಗಕ್ಕೇ ಇಟ್ಟರು. ಹೊರಡುವಾಗ ನನಗೆ ಏನು ಹೇಳಬೇಕೋ ತಿಳಿಯದೆ, ಸರ್ ನೀವು ಆರಾಮಾ ಎಂದೆ.

"ಆರಾಮರಿ" ಎಂದರು. ಟೊಪ್ಪಿ ಸರಿಮಾಡಿಕೊಂಡು ಹೋದರು.

ಮಗಳು ಉಳಿದಳು, ಹೆಂಡತಿ ಉಳಿದಳು. ಮರುವರ್ಷ ಗಡಿ ತೆರೆದ ಮೇಲೆ ಇಬ್ಬರೂ ಬಂದರು. ವಿಮಾನ ನಿಲ್ದಾಣದಲ್ಲಿ ಮಗಳು ನನ್ನನ್ನು ನೋಡಿ ಅಮ್ಮನ ಹಿಂದೆ ಓಡಿದಳು. ಅವಳಿಗೆ ಗೊತ್ತಿದ್ದ ಅಪ್ಪನಿಗೆ ತಲೆ ಮತ್ತು ಭುಜ ಮಾತ್ರ ಇದ್ದವು. ಕಾಲಿರುವ ಅಪ್ಪನನ್ನು ಅವಳು ನಿರೀಕ್ಷಿಸಿರಲಿಲ್ಲ. ನಾನು ಆ ದಿನ ಹತ್ತು ಬರೆದೆ. ಸೊಕ್ಕು ಎಂದು ಅವರು ಉತ್ತರಿಸಿದರು, ಜೊತೆಗೆ ಒಂದು ಲಡ್ಡುವಿನ ಚಿತ್ರ.

ಇಷ್ಟೆಲ್ಲ ಆದ ಮೇಲೆ ಕಳೆದ ವಾರ ಆ ಫೈಲು ನನ್ನ ಮುಂದೆ. ಎಂಟುಗಳ ಆ ಸಾಲು. ನಾನು ಬೇಕೆಂದೇ ಹರಿ ರಾಯದ ಹಿಂದಿನ ದಿನದ ಖಾನೆಗೆ ಹೋದೆ. ನನ್ನ ಸಾಲಿನಲ್ಲಿ ಒಂದು. ಅವರದರಲ್ಲಿ ಎಂಟು. ಬರೆದ ಸಮಯ ಬೆಳಿಗ್ಗೆ ಎಂಟೂ ಕಾಲು, ಸರಿಯಾಗಿ ಸ್ನಾನದ ಗಡುವಿಗೆ.

ಭಾನುವಾರ ಹುಬ್ಬಳ್ಳಿಗೆ ಫೋನ್ ಹಚ್ಚಿದೆ. ವೈನಿ ಎತ್ತಿಕೊಂಡರು. ಅವರು ತಮ್ಮನ ಅಂಗಡಿಗೆ ಹೋಗಿದ್ದಾರೆ, ಈಗ ಬರುತ್ತಾರೆ ಎಂದರು. ನಾನು ಉತ್ಸಾಹದಲ್ಲಿದ್ದೆ. ನಿಮ್ಮ ಯಜಮಾನರ ಕಳ್ಳತನ ಸಿಕ್ಕಿಬಿತ್ತು ವೈನಿ, ಎರಡು ವರ್ಷ ಬರೀ ಎಂಟು ಬರೆದಿದ್ದಾರೆ, ನನ್ನ ಮಗಳಿಗೆ ಜ್ವರ ಬಂದು ಅವರು ಟೊಪ್ಪಿ ಹಾಕಿಕೊಂಡು ಬಂದರಲ್ಲ, ಆ ಹರಿ ರಾಯದ ಹಿಂದಿನ ದಿನವೂ ಎಂಟೇ, ಎಂದೆ.

ವೈನಿ ಯಾವ ದಿನ ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು.

"ಅವತ್ತ ನಸುಕಿನ್ಯಾಗ ನಮ್ಮ ಮೈದುನ ಹೋದರ್ರಿ. ಆಕ್ಸಿಜನ್ ಸಿಗಲಿಲ್ಲ. ನಿಮಗ ಹೇಳೇ ಇಲ್ಲೇನ್ರಿ ಇವರು?"

ನಾನು ಇಲ್ಲ ಎಂದೆ. ಹೇಳಿದ್ದೇನೋ, ಬರೀ ತಲೆ ಅಲ್ಲಾಡಿಸಿದ್ದೇನೋ.

"ಮುಂಜಾನಿಂದ ಒಂದ ಕಡೆ ಕುಂದರಲಿಲ್ಲ. ಅಳಲೂ ಇಲ್ಲ. ಸಂಜಿಕ ನಿಮ್ಮ ನಂಬರ್ ಬಂತು ನೋಡ್ರಿ, ಟೊಪಗಿ ಹಾಕ್ಕೊಂಡು ಹೊಂಟೇ ಬಿಟ್ರು. ನಿಮಗ ಊಟ ಕೊಟ್ಟು ಬರ್ತೀನಿ ಅಂದ್ರು. ನನಗ ಗೊತ್ತಿತ್ತು, ಅವರಿಗೂ ಎಲ್ಲೆರ ಹೋಗಿ ಕುಂದರಬೇಕಾಗಿತ್ತು."

ನನಗಾಗಿ ಬಂದಿದ್ದರು ಎಂದು ಒಂದೂವರೆ ವರ್ಷ ನಾನು ಹೆಮ್ಮೆಪಟ್ಟಿದ್ದೆ. ಆ ಹೆಮ್ಮೆ ಅಲ್ಲೇ ಇಳಿಯಿತು. ಸತ್ತ ತಮ್ಮನ ಬಗ್ಗೆ ಹೇಳಿಕೊಳ್ಳಲು ಅವರಿಗೆ ಪೆನಾಂಗಿನಲ್ಲಿ ಸಿಕ್ಕಿದ್ದು ನನ್ನ ಬಾಗಿಲು ಮತ್ತು ಒಂದು ಪೇಂಟ್ ಡಬ್ಬಿ. ಊರಿನಲ್ಲಿ ತಮ್ಮನನ್ನು ಯಾರೋ ಅಪರಿಚಿತರು ಹೊತ್ತೊಯ್ಯುತ್ತಿದ್ದ ದಿನ ಅವರು ನನ್ನೆದುರು ಅವನ ಹನ್ನೆರಡನೇ ವಯಸ್ಸಿನ ಕಥೆ ಹೇಳಿ ನಗಿಸಿದರು. ಆಮೇಲೆ ಸೋಮವಾರಗಳಲ್ಲಿ ತಮ್ಮನ ಫೋನಿನ ಸಾರಾಂಶ ಬರುವುದು ನಿಂತಿತ್ತು. ಅದನ್ನು ನಾನು ಗಮನಿಸಿರಲೇ ಇಲ್ಲ. ನನ್ನ ಅಂಕವನ್ನು ದಿನಾ ಕೇಳಿದ ಮನುಷ್ಯನನ್ನು, ಬಾಗಿಲಲ್ಲಿ ಒಮ್ಮೆ ಬಾಯಿಮಾತಿಗೆ ಆರಾಮಾ ಎಂದದ್ದು ಬಿಟ್ಟರೆ, ನಿಮ್ಮದೆಷ್ಟು ಎಂದು ನಾವು ಹದಿಮೂರು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಅಷ್ಟರಲ್ಲಿ ಅವರು ಬಂದರು. ವೈನಿ ಫೋನ್ ಕೊಟ್ಟದ್ದು ಕೇಳಿಸಿತು. ಏನೋ ಪಿಸುಗುಟ್ಟಿದ್ದೂ ಕೇಳಿಸಿತು.

"ಏನ್ರಿ ಮೈಸೂರವರ, ಆರಾಮ?"

"ನಾನು ಆರು ಸರ್ ಇವತ್ತು. ನೀವೆಷ್ಟು?"

"ನಾವು ಆರಾಮ ಅದೀವ್ರಿ."

"ಆರಾಮ ನಂಬರ್ ಅಲ್ಲ ಸರ್."

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು. ಇನ್ನೊಂದು ಸಲ ಕೂಗಿತು. ಬೈಯುತ್ತಾರೆ ಎಂದು ನಾನು ಕಾದೆ. ಫೋನ್ ಇಟ್ಟುಬಿಡುತ್ತಾರೆ ಎಂದೂ ಭಯವಾಯಿತು. ವಯಸ್ಸಿನಲ್ಲಿ ಅವರು ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು, ಇಂಥ ಪ್ರಶ್ನೆ ಕೇಳಲು ನನಗೇನು ಅಧಿಕಾರ. ಫೈಲು ಈಗ ನನ್ನ ಹತ್ತಿರ ಇದೆ ಎನ್ನುವುದೊಂದೇ.

"ನಾಲ್ಕು ಬರ್ಕೊಳ್ರಿ" ಎಂದರು ಕೊನೆಗೆ. ದನಿ ಬೇರೆಯಾಗಿತ್ತು. ಆಮೇಲೆ ತಾವೇ ತಿದ್ದಿ, "ಇಲ್ಲ, ನಾಲ್ಕೂವರಿ. ನಿಮ್ಮ ಫೋನ್ ಬಂದದ್ದಕ್ಕ ಅರ್ಧಾ ಹೆಚ್ಚಿಗಿ."

ಸಿಸ್ಟಮ್ಮಿನಲ್ಲಿ ಅರ್ಧ ಇಲ್ಲ ಎಂದೆ. ಕಂಪನಿಯನ್ನು ಬೈದರು, ಎಚ್.ಆರ್. ಅನ್ನು ಬೈದರು, ಇನ್ನೂ ಅದನ್ನು ಸರಿಮಾಡಿಸದ ನನ್ನನ್ನು ಬೈದರು. ತಮ್ಮನ ಅಂಗಡಿಯ ಬೀಗ ತೆಗೆದು ದಿನಾ ಒಂದು ಗಂಟೆ ಅಲ್ಲಿ ಸುಮ್ಮನೆ ಕೂತು ಬರುತ್ತೇನೆ ಎಂದು ಬೈಗುಳದ ನಡುವೆಯೇ ಹೇಳಿದರು. ಮೋಟಾರ್ ಬಂದ್ ಹತ್ತು ನಿಮಿಷ ಮಾತ್ರ ಅಲ್ಲವೇ ಸರ್ ಎಂದೆ. ಅದಕ್ಕೂ ಬೈದರು. ಬೈಗುಳ ಕೇಳುತ್ತ ಕೇಳುತ್ತ ನನಗೆ ಸಮಾಧಾನವಾಯಿತು. ಕೊನೆಗೆ ಧೈರ್ಯ ಮಾಡಿ, ಸ್ನಾನ ದಿನಾ ಆಗುತ್ತಿದೆಯೇ ಎಂದು ಕೇಳಿದೆ. ಉತ್ತರ ಕೊಡದೆ ಫೋನ್ ಇಟ್ಟರು.

ನಿವೃತ್ತರಾದವರ ಸಾಲು ಅಳಿಸಬೇಕು ಎಂದು ಎಚ್.ಆರ್.ನವರ ಸೂಚನೆ ಇದೆ. ನಾನು ಅಳಿಸಿಲ್ಲ. ಎಂಟುಗಳ ಕೊನೆಯಲ್ಲಿ ನಾಲ್ಕು ಎಂದು ಬರೆದು, ಅರ್ಧವನ್ನು ಸಿಸ್ಟಮ್ ಒಪ್ಪದ್ದರಿಂದ ಒಂದು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದೇನೆ.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಎಂಟೂ ಕಾಲಿಗೆ ನನ್ನ ಫೋನಿಗೆ ಒಂದು ಫೋಟೊ ಬಂತು. ಹಿತ್ತಲ ತಂತಿಯ ಮೇಲೆ ಒದ್ದೆ ಟವೆಲ್ಲು, ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ. ಒಂದು ಅಕ್ಷರವೂ ಬರೆದಿರಲಿಲ್ಲ. ನಾನು ಚಿತ್ರ ದೊಡ್ಡದು ಮಾಡಿ ನೆರಳು ಪರೀಕ್ಷಿಸಿದೆ, ಹುಬ್ಬಳ್ಳಿಯ ಹವಾಮಾನವನ್ನೂ ನೋಡಿದೆ. ಇವತ್ತಿನದೇ.